ಓಡುವ ಮುಧೋಳ ನಾಯಿ, ಹಿಂದೆ ಹರಿಯುವ ಬಣ್ಣ: ಸಿಗ್ನೇಚರ್ ಬ್ಯಾನರಿಗೆ ಸ್ಮಡ್ಜ್ ಮಾಡುವ ಕ್ರಮ

ಫೋಟೊಶಾಪ್, ಜಿಂಪ್ ಥರದ ಚಿತ್ರ ತಿದ್ದುವ ತಂತ್ರಾಂಶಗಳಲ್ಲಿ ಬಣ್ಣವನ್ನು ಬೆರಳಿನಿಂದ ಸವರಿದಂತೆ ಹರಡುವ ಸ್ಮಡ್ಜ್ ಟೂಲ್ ಕೈಗೆ ಸಿಕ್ಕ ಕೂಡಲೇ ಹೆಚ್ಚಿನವರು ಅದನ್ನು ಅತ್ತಿಂದಿತ್ತ ಉಜ್ಜಲು ಶುರು ಮಾಡುತ್ತಾರೆ. ಸ್ವಲ್ಪ ಹೊತ್ತಿಗೆ ಹಿನ್ನೆಲೆಯೆಲ್ಲ ಬೂದುಬಣ್ಣದ ರಾಡಿಯಾಗುತ್ತದೆ. ಹಸಿರು ಹಸಿರಾಗಿ ಉಳಿಯುವುದಿಲ್ಲ, ಕೆಂಪು ಕೆಂಪಾಗಿ ಉಳಿಯುವುದಿಲ್ಲ. ಈ ಟೂಲಿನಿಂದ ಬಣ್ಣವನ್ನು ಎಳೆಯಬೇಕು, ಅದೂ ಒಂದೇ ದಿಕ್ಕಿಗೆ. ಯಾವ ದಿಕ್ಕು ಅನ್ನುವುದನ್ನು ಚಿತ್ರದಲ್ಲಿರುವ ಪ್ರಾಣಿಯೋ ಮೂರ್ತಿಯೋ ಹೇಳುತ್ತದೆ. ಮುಂದೆ ಬರುವ ಅಳತೆಗಳು, ಸಂಖ್ಯೆಗಳು ಎಲ್ಲವೂ ಈ ಮಾತಿಗೆ ಕಟ್ಟುಬಿದ್ದಂಥವು.

ಸಿಗ್ನೇಚರ್ ಬ್ಯಾನರ್ ಎಂದರೆ ಇಲ್ಲಿ ಒಂದು ಚಿತ್ರ ಮತ್ತು ಒಂದು ಹೆಸರಿರುವ ಸಣ್ಣ ಪಟ್ಟಿ. ಇ-ಮೇಲಿನ ಕೊನೆಗೆ, ಕಬಡ್ಡಿ ತಂಡದ ಪೋಸ್ಟಿನ ಕೆಳಗೆ, ಗೇಮಿಂಗ್ ಗುಂಪಿನ ಹೆಸರಿನ ಜೊತೆಗೆ ಹಾಕುವಂಥದ್ದು. ಟೆಂಡರ್ ತುಂಬಲು ಬಳಸುವ ಡಿಜಿಟಲ್ ಸಹಿಗೂ ಇದಕ್ಕೂ ಸಂಬಂಧವಿಲ್ಲ. ಅಭ್ಯಾಸಕ್ಕೆ ಓಡುತ್ತಿರುವ ಮುಧೋಳ ನಾಯಿಯನ್ನು ತೆಗೆದುಕೊಳ್ಳೋಣ. ಬಾಗಲಕೋಟೆ ಜಿಲ್ಲೆಯವರಿಗೆ ಇದಕ್ಕಿಂತ ಒಳ್ಳೆಯ ಮಾದರಿ ಬೇಕಿಲ್ಲ. ಉದ್ದ ಮೂತಿ, ಆಳವಾದ ಎದೆ, ಒಳಸೇರಿದ ಹೊಟ್ಟೆ, ಸಪೂರ ಬಾಲ. ಮೂಗಿನ ತುದಿಯಿಂದ ಬಾಲದ ತುದಿಯವರೆಗೆ ಮೈ ಒಂದೇ ಗೆರೆಯಲ್ಲಿ ಸಾಗುತ್ತದೆ. ಬಣ್ಣ ಯಾವ ಕಡೆ ಹರಿಯಬೇಕು ಎಂದು ತಲೆ ಕೆಡಿಸಿಕೊಳ್ಳುವ ಅಗತ್ಯವೇ ಬರುವುದಿಲ್ಲ.

ಫೋಟೊ ಆರಿಸುವುದು

ಈ ಬಗೆಯ ಬೇಟೆ ನಾಯಿಗಳು ಪೂರ್ಣ ವೇಗದಲ್ಲಿ ಓಡುವಾಗ ಪ್ರತಿ ನೆಗೆತದ ಸುತ್ತಿನಲ್ಲಿ ಎರಡು ಸಲ ನಾಲ್ಕೂ ಕಾಲು ನೆಲ ಬಿಡುತ್ತವೆ: ಒಮ್ಮೆ ಕಾಲುಗಳನ್ನೆಲ್ಲ ಹೊಟ್ಟೆಯಡಿ ಮಡಚಿಕೊಂಡು, ಇನ್ನೊಮ್ಮೆ ಮುಂದಕ್ಕೂ ಹಿಂದಕ್ಕೂ ಪೂರ್ತಿ ಚಾಚಿಕೊಂಡು. ನಮಗೆ ಬೇಕಾದದ್ದು ಎರಡನೆಯದು. ಮಡಚಿದ ಭಂಗಿಯಲ್ಲಿ ನಾಯಿ ಉಂಡೆಯಂತೆ ಕಾಣುತ್ತದೆ, ಅದರಿಂದ ಬಣ್ಣ ಎಳೆದರೂ ವೇಗ ಕಾಣುವುದಿಲ್ಲ. ಕ್ಯಾಮೆರಾದಲ್ಲಿ ಶಟರ್ 1/1000 ಸೆಕೆಂಡ್ ಅಥವಾ ಅದಕ್ಕಿಂತ ವೇಗವಾಗಿರಲಿ. ಮೊಬೈಲ್ ಆದರೆ ಬರ್ಸ್ಟ್ ಮೋಡಿನಲ್ಲಿ ಸಾಲಾಗಿ ತೆಗೆದು, ಚಾಚಿದ ಭಂಗಿಯದ್ದನ್ನು ಆರಿಸಿಕೊಳ್ಳಿ. ನೆಲಮಟ್ಟಕ್ಕೆ ಕುಳಿತು, ನಾಯಿ ಅಡ್ಡಡ್ಡ ಹಾಯುವಾಗ ತೆಗೆದ ಫೋಟೊ ಒಳ್ಳೆಯದು. ನಮ್ಮತ್ತಲೇ ಓಡಿಬರುವ ನಾಯಿಯ ಫೋಟೊ ಕಲಿಯುವವರಿಗೆ ಬೇಡ.

ಸ್ಮಡ್ಜಿಗೆ ಎಳೆಯಲು ಬಣ್ಣ ಬೇಕು. ಮುಧೋಳದ ಸುತ್ತಲಿನ ಹೊಲಗಳಲ್ಲಿ ಆ ತೊಂದರೆಯಿಲ್ಲ: ಘಟಪ್ರಭೆಯ ಸೀಮೆಯ ಕಬ್ಬಿನ ಹಸಿರು, ಕೆಳಗೆ ಎರಿ ಮಣ್ಣಿನ ಕಪ್ಪು, ನಡುವೆ ನಾಯಿಯ ಗೋದಿಬಣ್ಣ. ಬೆಳಗಿನ ಅಡ್ಡ ಬಿಸಿಲಿದ್ದರೆ ನಾಯಿಯ ಬೆನ್ನ ಮೇಲೆ ಒಂದು ಬೆಳ್ಳಿಗೆರೆ ಬೀಳುತ್ತದೆ. ಆ ಗೆರೆ ಇಡೀ ಬ್ಯಾನರಿನ ಜೀವಾಳ. ನಡುಮಧ್ಯಾಹ್ನದ ಫೋಟೊದಲ್ಲಿ ಅದು ಸಿಗುವುದಿಲ್ಲ. ಬೇರೆಯವರು ತೆಗೆದ ಫೋಟೊ ಬಳಸುವುದಾದರೆ ಕೇಳಿ ಬಳಸಿ.

ಟೂಲ್ ಒಳಗೆ ನಡೆಯುವುದೇನು

ಇದನ್ನು ಅರ್ಥ ಮಾಡಿಕೊಳ್ಳದೆ ಸೆಟ್ಟಿಂಗ್ ಮಾತ್ರ ನಕಲು ಮಾಡಿದರೆ ಬ್ರಶ್ ಬದಲಾದ ಕೂಡಲೇ ಲೆಕ್ಕ ತಪ್ಪುತ್ತದೆ. ಸ್ಮಡ್ಜ್ ಬ್ರಶ್ ಒತ್ತಿದ ಜಾಗದ ಬಣ್ಣವನ್ನು ಎತ್ತಿಕೊಳ್ಳುತ್ತದೆ. ಕೈ ಸರಿದಂತೆ ಅದು ಬಿಡಿಬಿಡಿಯಾಗಿ ಠಸ್ಸೆ ಒತ್ತುತ್ತ ಹೋಗುತ್ತದೆ. ಪ್ರತಿ ಠಸ್ಸೆಯಲ್ಲೂ ತಾನು ಹೊತ್ತು ತಂದ ಬಣ್ಣದ ಒಂದು ಪಾಲು, ಆ ಜಾಗದ ಬಣ್ಣದ ಒಂದು ಪಾಲು ಬೆರೆಸಿ ಬಿಡುತ್ತದೆ, ಆ ಬೆರಕೆಯನ್ನೇ ಹೊತ್ತು ಮುಂದೆ ಹೋಗುತ್ತದೆ. ಫೋಟೊಶಾಪಿನ ಸ್ಟ್ರೆಂತ್, ಜಿಂಪಿನ ರೇಟ್ ಅಂದರೆ ಈ ಹೊತ್ತು ತಂದ ಪಾಲು.

ಲೆಕ್ಕ ಸರಳ. 40 ಪಿಕ್ಸೆಲ್ ಬ್ರಶ್, ಸ್ಪೇಸಿಂಗ್ (ಬ್ರಶ್ಶಿನ ಅಗಲದ ಲೆಕ್ಕದಲ್ಲಿ ಠಸ್ಸೆಗಳ ನಡುವಿನ ಅಂತರ) 25% ಎಂದರೆ 10 ಪಿಕ್ಸೆಲಿಗೆ ಒಂದು ಠಸ್ಸೆ. ಸ್ಟ್ರೆಂತ್ 50% ಇದ್ದರೆ ನಾಲ್ಕು ಠಸ್ಸೆಗೆ, ಅಂದರೆ 40 ಪಿಕ್ಸೆಲ್ ದೂರಕ್ಕೆ, ಮೊದಲ ಬಣ್ಣ ಸುಮಾರು 6% ಮಾತ್ರ ಉಳಿಯುತ್ತದೆ. ಎಳೆದದ್ದು ಕಾಣುವುದೇ ಇಲ್ಲ, ಮಸುಕಾದಂತೆ ಅಷ್ಟೇ ತೋರುತ್ತದೆ. 80% ಇದ್ದರೆ ಅದೇ ದೂರದಲ್ಲಿ ಸುಮಾರು 41% ಉಳಿಯುತ್ತದೆ, 100 ಪಿಕ್ಸೆಲ್ ದಾಟುವಾಗ 11% ಆಸುಪಾಸು. 90% ಆದರೆ 100 ಪಿಕ್ಸೆಲ್ ಆಚೆಗೂ ಮೂರನೆಯ ಒಂದು ಪಾಲು ಉಳಿದಿರುತ್ತದೆ. 100% ಇಟ್ಟರೆ ಮೊದಲು ಎತ್ತಿದ್ದನ್ನೇ ಕೊನೆಯವರೆಗೂ ಒತ್ತುತ್ತ ಹೋಗುತ್ತದೆ, ರೈಲು ಹಳಿಯಂಥ ಪಟ್ಟಿ ಬೀಳುತ್ತದೆ.

ಇಲ್ಲಿ ಬಹಳ ಜನ ಗಮನಿಸದ ಒಂದು ಸಂಗತಿಯಿದೆ. ಗೆರೆ ನುಣುಪಾಗಲಿ ಎಂದು ಸ್ಪೇಸಿಂಗನ್ನು 25ರಿಂದ 5ಕ್ಕೆ ಇಳಿಸಿದರೆ ಅದೇ ದೂರದಲ್ಲಿ ಐದು ಪಟ್ಟು ಠಸ್ಸೆ ಬೀಳುತ್ತವೆ, ಬಣ್ಣ ಐದನೆಯ ಒಂದು ದೂರಕ್ಕೇ ಮುಗಿದುಹೋಗುತ್ತದೆ. ಸ್ಟ್ರೆಂತ್ ಬದಲಿಸದೆ ಸ್ಪೇಸಿಂಗ್ ಮಾತ್ರ ಮುಟ್ಟಿದವರಿಗೆ “ಟೂಲ್ ಕೆಲಸ ಮಾಡುತ್ತಿಲ್ಲ” ಅನ್ನಿಸುವುದು ಇದರಿಂದಲೇ. ಸ್ಪೇಸಿಂಗ್ ಇಳಿಸಿದರೆ ಸ್ಟ್ರೆಂತ್ ಏರಿಸಿ: 25% ಸ್ಪೇಸಿಂಗಿಗೆ 80 ಸಾಕಾಗಿದ್ದರೆ 5%ಕ್ಕೆ 95, 96 ಬೇಕಾಗುತ್ತದೆ.

ಬ್ರಶ್ ಕಟ್ಟುವುದು

ಗುಂಡನೆಯ ಮೆತ್ತನೆ ಬ್ರಶ್ಶಿನಿಂದ ಎಳೆದರೆ ಮಂಜು ಬರುತ್ತದೆ, ಎಳೆ ಬರುವುದಿಲ್ಲ. ಎಳೆ ಬೇಕಾದರೆ ಚುಕ್ಕಿಗಳ ಬ್ರಶ್ ಬೇಕು, ಮಾಡಿಕೊಳ್ಳುವುದು ಸುಲಭ. 60×60 ಪಿಕ್ಸೆಲಿನ ಬಿಳಿ ಫೈಲ್ ತೆರೆಯಿರಿ. ಅದರಲ್ಲಿ 2ರಿಂದ 6 ಪಿಕ್ಸೆಲ್ ಗಾತ್ರದ ಎಂಟು-ಹತ್ತು ಕಪ್ಪು ಚುಕ್ಕಿ ಇಡಿ. ಸಾಲಾಗಿ ಬೇಡ, ಅಂತರವೂ ಒಂದೇ ಆಗಿರಬಾರದು; ಎರಡು ಚುಕ್ಕಿ ಅಂಟಿಕೊಂಡಿರಲಿ, ಒಂದು ದೂರ ಇರಲಿ. ಎರಡು-ಮೂರು ಚುಕ್ಕಿಗಳನ್ನು ಬೂದುಬಣ್ಣದಲ್ಲಿಡಿ, ಅವು ಹಗುರವಾದ ಎಳೆ ಕೊಡುತ್ತವೆ. ಫೋಟೊಶಾಪಿನ ಎಡಿಟ್ ಮೆನುವಿನ ಡಿಫೈನ್ ಬ್ರಶ್ ಪ್ರಿಸೆಟ್ ಒತ್ತಿದರೆ ಬ್ರಶ್ ಸಿದ್ಧ. ಪ್ರತಿ ಚುಕ್ಕಿಯೂ ತನ್ನದೇ ಒಂದು ಎಳೆ ಎಳೆಯುತ್ತದೆ.

ನಂತರ ಎಫ್5 ಒತ್ತಿ ಬ್ರಶ್ ಸೆಟ್ಟಿಂಗ್ ತೆರೆಯಿರಿ. ಸ್ಪೇಸಿಂಗ್ 20–25%. ಶೇಪ್ ಡೈನಾಮಿಕ್ಸಿನಲ್ಲಿ ಆ್ಯಂಗಲ್ ಕಂಟ್ರೋಲನ್ನು ಡೈರೆಕ್ಷನ್ ಮಾಡಿ. ಇದನ್ನು ಮಾಡದಿದ್ದರೆ ಕೈ ತಿರುಗಿದರೂ ಚುಕ್ಕಿಗಳು ತಿರುಗುವುದಿಲ್ಲ, ಬಾಗಿದ ಕಡೆ ಎಳೆಗಳು ಒಂದರ ಮೇಲೊಂದು ಬಿದ್ದು ಗಂಟಾಗುತ್ತವೆ. ಪೆನ್ ಟ್ಯಾಬ್ಲೆಟ್ ಇದ್ದರೆ ಸೈಜ್ ಕಂಟ್ರೋಲ್ ಪೆನ್ ಪ್ರೆಶರ್. ಮೌಸ್ ಆದರೆ ಫೇಡ್ ಆರಿಸಿ, 25ರಿಂದ 40ರೊಳಗೆ ಒಂದು ಸಂಖ್ಯೆ ಕೊಡಿ. ಗೆರೆ ತಾನಾಗಿ ಚೂಪಾಗಿ ಮುಗಿಯುತ್ತದೆ. ಮೌಸಿನಿಂದ ಈ ಕೆಲಸ ಆಗುವುದಿಲ್ಲ ಅನ್ನುವ ಮಾತು ಸುಳ್ಳು, ಫೇಡ್ ಗೊತ್ತಿದ್ದರೆ ಚೆನ್ನಾಗಿಯೇ ಆಗುತ್ತದೆ. ಸ್ಕ್ಯಾಟರ್ (ಠಸ್ಸೆಗಳು ಅತ್ತಿತ್ತ ಚದುರುವಿಕೆ) ಹಿನ್ನೆಲೆಗೆ 30–50% ಕೊಡಬಹುದು, ನಾಯಿಯ ಹತ್ತಿರ ಬಂದಾಗ ಸೊನ್ನೆ ಮಾಡಿ.

ದುಡ್ಡು ಕೊಡದೆ ಸಿಗುವ ಜಿಂಪಿನಲ್ಲಿ ಎಸ್ ಒತ್ತಿದರೆ ಸ್ಮಡ್ಜ್ ಬರುತ್ತದೆ. ಚುಕ್ಕಿಗಳನ್ನು ಸೆಲೆಕ್ಟ್ ಮಾಡಿ ಕಾಪಿ ಮಾಡಿದರೆ ಕ್ಲಿಪ್‌ಬೋರ್ಡ್ ಬ್ರಶ್ ಆಗಿ ಕುಳಿತಿರುತ್ತದೆ. ಡೈನಾಮಿಕ್ಸಿನಲ್ಲಿ ಟ್ರ್ಯಾಕ್ ಡೈರೆಕ್ಷನ್ ಆರಿಸಿ, ಫ್ಲೋ ಸೊನ್ನೆಯಲ್ಲಿರಲಿ, ಇಲ್ಲವಾದರೆ ಮುಂಬಣ್ಣ ಬಂದು ಬೆರೆಯುತ್ತದೆ. ಕ್ರಿಟಾದಲ್ಲಿ ಕಲರ್ ಸ್ಮಡ್ಜ್ ಎಂಜಿನ್ ಇದೆ. ಅಲ್ಲಿ ಸ್ಮಿಯರಿಂಗ್ ಆರಿಸಿ, ಕಲರ್ ರೇಟ್ ತೆಗೆದುಹಾಕಿದರೆ ಶುದ್ಧ ಸ್ಮಡ್ಜ್ ಸಿಗುತ್ತದೆ. ಬ್ರೌಸರಿನಲ್ಲೇ ಓಡುವ ಫೋಟೊಪಿಯಾದಲ್ಲೂ ಟೂಲ್ ಇದೆ.

ಲೇಯರುಗಳು, ಒಂದೊಂದಾಗಿ

ಲೇಯರ್ ಎಂದರೆ ಒಂದರ ಮೇಲೊಂದು ಇಟ್ಟ ಪಾರದರ್ಶಕ ಹಾಳೆಯಂಥ ಪದರ. ಕ್ಯಾನ್ವಾಸ್ 500×200 ಪಿಕ್ಸೆಲ್. ದೊಡ್ಡದರಲ್ಲಿ ಮಾಡಿ ಆಮೇಲೆ ಕುಗ್ಗಿಸುವ ಅಭ್ಯಾಸ ಸ್ಮಡ್ಜಿಗೆ ಹೊಂದುವುದಿಲ್ಲ. ಕುಗ್ಗಿದಾಗ ಮೊದಲು ಸಾಯುವುದೇ ಆ ಸಣ್ಣ ಎಳೆಗಳು. ಬೇಕಾದ ಗಾತ್ರದಲ್ಲೇ ಶುರು ಮಾಡಿ, 100% ಜೂಮಿನಲ್ಲಿ ನೋಡುತ್ತ ಕೆಲಸ ಮಾಡಿ.

ನಾಯಿಯನ್ನು ಪೆನ್ ಟೂಲಿನಿಂದ ಕತ್ತರಿಸಿ, ಫೆದರ್ (ಅಂಚಿನ ಮೆದುತನ) ಅರ್ಧ ಪಿಕ್ಸೆಲ್. ಎತ್ತರ 140–150 ಪಿಕ್ಸೆಲ್ ಬರುವಂತೆ ಇಡಿ. ಎಡದಿಂದ ಬಲಕ್ಕೆ ಓಡುತ್ತಿದ್ದರೆ ಮೂಗಿನ ಮುಂದೆ 100 ಪಿಕ್ಸೆಲ್‌ನಷ್ಟಾದರೂ ಜಾಗ ಬಿಡಿ. ಮೂಗು ಅಂಚಿಗೆ ತಾಗಿದರೆ ನಾಯಿ ಗೋಡೆಗೆ ಡಿಕ್ಕಿ ಹೊಡೆದಂತೆ ಕಾಣುತ್ತದೆ.

ಎಲ್ಲಕ್ಕೂ ಕೆಳಗೆ ಮೂಲ ಫೋಟೊವನ್ನೇ ಎರಡು ಪಟ್ಟು ದೊಡ್ಡದು ಮಾಡಿ ಹಾಸಿ, ಗಾಸಿಯನ್ ಬ್ಲರ್ 6–8 ಪಿಕ್ಸೆಲ್ ಕೊಡಿ. ಹೊರಗಿನಿಂದ ಬೇರೆ ಹಿನ್ನೆಲೆ ತಂದರೆ ಬೆಳಕೂ ಬಣ್ಣವೂ ನಾಯಿಯ ಜೊತೆ ಕೂಡುವುದಿಲ್ಲ. ಈ ಹಾಸಿನ ಮೇಲೆ 60–80 ಪಿಕ್ಸೆಲ್ ಬ್ರಶ್, ಸ್ಟ್ರೆಂತ್ 85%. ನಾಯಿಯ ಹಿಂಬದಿಯಿಂದ ಎಡ ಅಂಚಿನತ್ತ ಹತ್ತು-ಹದಿನೈದು ಉದ್ದ ಎಳೆತ. ಇಷ್ಟೇ ಸಾಕು.

ಗೆರೆಗಳು ಸಪಾಟಾಗಿ ಅಡ್ಡಡ್ಡ ಇರಬಾರದು. ಹಾಗೆ ಮಾಡಿದರೆ ಮೋಷನ್ ಬ್ಲರ್ ಫಿಲ್ಟರ್ ಒತ್ತಿದ್ದಕ್ಕೂ ಕೈಯಿಂದ ಎಳೆದದ್ದಕ್ಕೂ ವ್ಯತ್ಯಾಸವೇ ಇರುವುದಿಲ್ಲ. ನಾಯಿಯ ಬೆನ್ನು ನೋಡಿ: ಹೆಗಲಿನಿಂದ ಸೊಂಟದ ಮೇಲೆ ಸ್ವಲ್ಪ ಏರಿ, ಬಾಲದ ಬುಡಕ್ಕೆ ಇಳಿಯುತ್ತದೆ. ಮೇಲ್ಭಾಗದ ಗೆರೆಗಳು ಆ ಕಮಾನನ್ನೇ ಮುಂದುವರಿಸಲಿ. ಹಿಂಗಾಲು ಒದ್ದ ಮಣ್ಣು ಕೆಳಗಿನಿಂದ ಮೇಲೆ ಚಿಮ್ಮುತ್ತದೆ, ಆದ್ದರಿಂದ ಕೆಳಭಾಗದ ಗೆರೆಗಳು ನೆಲದಿಂದ ಎಡಕ್ಕೆ, ಸ್ವಲ್ಪ ಮೇಲಕ್ಕೆ ಬಾಗಲಿ. ಎರಡೂ ಬಾಲದ ಹಿಂದೆ ಒಂದನ್ನೊಂದು ಸಮೀಪಿಸುತ್ತವೆ, ಕೂಡುವುದಿಲ್ಲ.

ಈಗ ಕಂಟ್ರೋಲ್-ಜೆ ಒತ್ತಿ ನಾಯಿಯ ನಕಲು ಮಾಡಿ, ಅದನ್ನು ಅಸಲಿನ ಕೆಳಗಿಟ್ಟು ಎಡಕ್ಕೆ 20–30 ಪಿಕ್ಸೆಲ್ ಸರಿಸಿ. 25–35 ಪಿಕ್ಸೆಲ್ ಬ್ರಶ್ಶಿನಿಂದ ತೊಡೆ, ಸೊಂಟ, ಬೆನ್ನಿನ ಬೆಳ್ಳಿಗೆರೆ ಇವುಗಳ ಬಣ್ಣವನ್ನು ಹಿಂದಕ್ಕೆ ಎಳೆಯಿರಿ. ಪ್ರತಿ ಎಳೆತವೂ ಮೈಯೊಳಗಿನಿಂದ ಶುರುವಾಗಬೇಕು. ಅಂಚಿನ ಹೊರಗಿನಿಂದ ಶುರು ಮಾಡಿದರೆ ಖಾಲಿ ಜಾಗ ಒಳಗೆ ನುಗ್ಗಿ ನಾಯಿಯ ಅಂಚನ್ನು ಇಲಿ ಕಡಿದಂತೆ ಮಾಡುತ್ತದೆ. ಪಾರದರ್ಶಕ ಲೇಯರಿನಲ್ಲಿ ಈ ಕಾಟ ಯಾವಾಗಲೂ ಇದ್ದದ್ದೇ. ಜಿಂಪಿನಲ್ಲಿ ನೋ ಇರೇಸ್ ಎಫೆಕ್ಟ್ ಆನ್ ಮಾಡಿದರೆ ತಪ್ಪುತ್ತದೆ.

ಅಸಲು ನಾಯಿ ಇದರ ಮೇಲೆ, ಮುಟ್ಟದೆ. ಅದರ ಮೇಲೆ ಇನ್ನೊಂದು ಖಾಲಿ ಲೇಯರ್ ತೆರೆದು ಸ್ಯಾಂಪಲ್ ಆಲ್ ಲೇಯರ್ಸ್ (ಕಾಣುವ ಎಲ್ಲ ಲೇಯರುಗಳ ಬಣ್ಣವನ್ನೂ ಎತ್ತಿಕೊಳ್ಳುವ ಆಯ್ಕೆ) ಆನ್ ಮಾಡಿ. 8–12 ಪಿಕ್ಸೆಲಿನ ಬ್ರಶ್, ಸ್ಟ್ರೆಂತ್ 75–80. ಹಿಂಗಾಲಿನ ತೊಡೆಯ ಮೇಲೆ ಐದಾರು ಎಳೆ, ಬಾಲದ ನಡುವಿನಿಂದ ಎರಡು, ಮುಂಗಾಲ ಪಂಜದ ಬಳಿ ಮಣ್ಣಿನ ಒಂದೆರಡು. ಈ ಕೆಲವೇ ಎಳೆಗಳು ನಾಯಿಯ ಮುಂದೆ ಬರುವುದರಿಂದ ಚಿತ್ರಕ್ಕೆ ಆಳ ಬರುತ್ತದೆ. ಇವಿಲ್ಲದಿದ್ದರೆ ನಾಯಿ ಕತ್ತರಿಸಿ ಅಂಟಿಸಿದ ಸ್ಟಿಕ್ಕರಿನಂತೆ ತೇಲುತ್ತದೆ. ಕಣ್ಣು, ಮೂತಿ, ಕಿವಿ, ಎದೆಯ ಮುಂಭಾಗಕ್ಕೆ ಸ್ಮಡ್ಜ್ ಬೇಡವೇ ಬೇಡ. ನೋಡುವವನ ಕಣ್ಣು ನಿಲ್ಲಲು ಒಂದು ಗಟ್ಟಿ ಜಾಗ ಬೇಕು, ಅದು ತಲೆ.

ಬಣ್ಣ ಕೆಸರಾದರೆ ಕಾರಣ ಎರಡರಲ್ಲಿ ಒಂದು. ಹೋದ ದಾರಿಯಲ್ಲೇ ವಾಪಸು ಎಳೆದಿರುತ್ತೀರಿ, ಅಥವಾ ಹಸಿರಿನಿಂದ ಶುರು ಮಾಡಿದ ಗೆರೆಯನ್ನು ಕೆಂಪಿನೊಳಗೆ ದಾಟಿಸಿರುತ್ತೀರಿ. ಎದುರುಬದುರು ಬಣ್ಣಗಳ ಸರಾಸರಿ ಯಾವಾಗಲೂ ಮಂಕು. ಪ್ರತಿ ಎಳೆತದ ನಂತರ ಮೌಸ್ ಎತ್ತಿ, ಹೊಸ ಜಾಗದಿಂದ ಹೊಸ ಬಣ್ಣ ಎತ್ತಿಕೊಳ್ಳಿ. ಕೆಟ್ಟ ಗೆರೆಯ ಮೇಲೆ ಇನ್ನೊಂದು ಗೆರೆ ಎಳೆದು ಸರಿಮಾಡಲು ಹೋಗಬೇಡಿ, ಅನ್‌ಡೂ ಒತ್ತಿ.

ಬಣ್ಣ ತಿದ್ದುವುದು ಸ್ಮಡ್ಜ್ ಪೂರ್ತಿ ಮುಗಿದ ಮೇಲೆ. ಗ್ರೇಡಿಯಂಟ್ ಮ್ಯಾಪನ್ನೋ ಕರ್ವ್ಸನ್ನೋ ಮೊದಲೇ ಮೇಲಿಟ್ಟು ಸ್ಯಾಂಪಲ್ ಆಲ್ ಲೇಯರ್ಸಿನಲ್ಲಿ ಎಳೆದರೆ, ತಿದ್ದಿದ ಬಣ್ಣವೇ ಕೆಳಗೆ ಇಳಿದು, ಅದಕ್ಕೆ ಮತ್ತೊಮ್ಮೆ ಅದೇ ತಿದ್ದುಪಡಿ ಬೀಳುತ್ತದೆ. ಎಳೆದ ಕಡೆ ಮಾತ್ರ ಬಣ್ಣ ವಿಪರೀತವಾಗಿ ಕಾಣುವುದು ಇದರಿಂದ. ಅಂಥ ಲೇಯರುಗಳ ಪಕ್ಕದ ಕಣ್ಣಿನ ಗುರುತು ಒತ್ತಿ, ಅವನ್ನು ಮರೆಮಾಡಿ ಕೆಲಸ ಮಾಡಿ. ಹೆಸರಿನ ಲೇಯರಿಗೂ ಇದೇ ಮಾತು.

ಬೆಳಕಿಗೆ 150 ಪಿಕ್ಸೆಲಿನ ಮೆತ್ತನೆ ಬ್ರಶ್, ತಿಳಿಹಳದಿ, ಸಾಫ್ಟ್ ಲೈಟ್ ಮೋಡ್, 30–40%. ಬಿಸಿಲು ಎತ್ತಲಿಂದ ಬಂದಿದೆಯೋ ಅತ್ತಲೇ ಒಂದು ಸಲ ಒತ್ತಿ. ಕಂಟ್ರೋಲ್-ಆಲ್ಟ್-ಶಿಫ್ಟ್-ಇ ಒತ್ತಿ ಎಲ್ಲವನ್ನೂ ಒಂದು ಲೇಯರಾಗಿ ಎತ್ತಿಕೊಂಡು, ಹೈ ಪಾಸ್ (ಅಂಚುಗಳನ್ನು ಚೂಪು ಮಾಡಲು ಬಳಸುವ ಫಿಲ್ಟರ್) 1 ಪಿಕ್ಸೆಲ್, ಓವರ್‌ಲೇ. ಮಾಸ್ಕ್ ಹಾಕಿ ಇದನ್ನು ತಲೆ ಮತ್ತು ಎದೆಗೆ ಮಾತ್ರ ಉಳಿಸಿ; ಹಿಂದಿನ ಗೆರೆಗಳಿಗೂ ಬಿಟ್ಟರೆ ಎಲ್ಲವೂ ಸಮವಾಗಿ ಚೂಪಾಗಿ ವೇಗ ಸತ್ತುಹೋಗುತ್ತದೆ.

ಬಾದಾಮಿಯ ನಟರಾಜ, ವಿಜಯಪುರದ ಗುಮ್ಮಟ

ನಾಯಿ ಕೈಗೆ ಹತ್ತಿದ ಮೇಲೆ ಬಾದಾಮಿಯ ಮೊದಲ ಗುಹೆಯ ಹದಿನೆಂಟು ಕೈಗಳ ನಟರಾಜನನ್ನು ತೆಗೆದುಕೊಳ್ಳಿ. ಇಲ್ಲಿ ಒಂದೇ ದಿಕ್ಕು ಇಲ್ಲ. ಕೈಗಳು ಎರಡೂ ಕಡೆ ಬೀಸಣಿಗೆಯಂತೆ ಬಿಚ್ಚಿಕೊಂಡಿವೆ. ಎಳೆತಗಳ ದಿಕ್ಕು ಎದೆಯ ನಡುವಿನಿಂದ ಹೊರಕ್ಕೆ, ಪ್ರತಿ ಕೈಯ ಸಾಲಿನಲ್ಲೇ, ಗಿಡ್ಡಗಿಡ್ಡ: 40–50 ಪಿಕ್ಸೆಲಿಗಿಂತ ಹೆಚ್ಚು ಬೇಡ. ಕೈಗಳ ಮೇಲೆ ಬ್ರಶ್ ಆಡಿಸಬೇಡಿ, ಬೆರಳ ತುದಿ ದಾಟಿದ ಮೇಲಿನ ಬಂಡೆಯಿಂದ ಶುರು ಮಾಡಿ.

ತೊಂದರೆ ಏನೆಂದರೆ ಮೂರ್ತಿಯೂ ಬಂಡೆಯೂ ಒಂದೇ ಕೆಂಪು ಮರಳುಗಲ್ಲು. ಕೆಂಪನ್ನು ಕೆಂಪಿನೊಳಗೆ ಎಷ್ಟು ಎಳೆದರೂ ಕಾಣುವುದಿಲ್ಲ. ಹಾಗಾಗಿ ಸ್ಮಡ್ಜಿಗೆ ಮೊದಲು ಖಾಲಿ ಲೇಯರಿನಲ್ಲಿ ಅಗಸ್ತ್ಯ ತೀರ್ಥದ ನೀರಿನ ಹಸಿರು, ಬಿಸಿಲು ಬಿದ್ದ ಕಲ್ಲಿನ ಕಿತ್ತಳೆ, ನೆರಳಿನ ಕಡುಗಂದು ಇವನ್ನು ಬೆರಳಗಲದ ಪಟ್ಟೆಗಳಾಗಿ ಬೇರೆ ಬೇರೆ ಕಡೆ ಇಟ್ಟುಕೊಳ್ಳಿ, ಆಮೇಲೆ ಎಳೆಯಿರಿ. ಒಂದೆರಡು ಕಡೆ ಫಿಂಗರ್ ಪೇಂಟಿಂಗ್ ಆನ್ ಮಾಡಿದರೂ ನಡೆಯುತ್ತದೆ, ಆಗ ಗೆರೆ ಮುಂಬಣ್ಣದಿಂದ ಶುರುವಾಗುತ್ತದೆ. ಸ್ಮಡ್ಜ್ ಕಲ್ಲಿನ ಕಣಕಣವಾದ ಮೈಯನ್ನು ಅಳಿಸಿಹಾಕುತ್ತದೆ. ಗುಹೆಯ ಹೊರಗೋಡೆಯ ಹತ್ತಿರದ ಫೋಟೊ ಒಂದನ್ನು ಸಾಫ್ಟ್ ಲೈಟಿನಲ್ಲಿ 20–25%ಗೆ ಮೇಲೆ ಹೊದಿಸಿದರೆ ಆ ಒರಟು ವಾಪಸು ಬರುತ್ತದೆ.

ಗೋಲಗುಮ್ಮಟದಂಥ ಕಟ್ಟಡಕ್ಕೆ ಸ್ಮಡ್ಜ್ ಮುಟ್ಟಿಸಲೇಬಾರದು. ಸುಮಾರು 44 ಮೀಟರ್ ಹೊರವ್ಯಾಸದ ಆ ಗುಮ್ಮಟದ ಚೆಲುವೇ ಅದರ ಕದಲದ ಭಾರ. ಅಂಚು ಸ್ವಲ್ಪ ಎಳೆದರೂ ಮೇಣ ಕರಗಿದಂತೆ ಕಾಣುತ್ತದೆ. ಹಿಂದಿನ ಮೋಡವನ್ನು ಮಾತ್ರ ಎಳೆಯಿರಿ, ಗುಮ್ಮಟದ ದುಂಡಿಗೆ ಸಮಾನಾಂತರವಾಗಿ.

ಹೆಸರು

ಫೋಟೊಶಾಪಿನಲ್ಲಿ ಕನ್ನಡ ಬರೆದಾಗ ಒತ್ತಕ್ಷರ ಕೆಳಗೆ ಕೂರದೆ ಪಕ್ಕಕ್ಕೆ ಒಡೆದುಕೊಂಡರೆ, ಪ್ರಿಫರೆನ್ಸಿನ ಟೈಪ್ ವಿಭಾಗದಲ್ಲಿ ವರ್ಲ್ಡ್ ರೆಡಿ ಲೇಔಟ್ ಇದ್ದರೆ ಅದನ್ನು ಆರಿಸಿ. ಹಳೆಯ ಆವೃತ್ತಿಗಳಲ್ಲಿ ಅದು ಮಿಡ್ಲ್ ಈಸ್ಟರ್ನ್ ಆ್ಯಂಡ್ ಸೌತ್ ಏಷ್ಯನ್ ಎಂದಿರುತ್ತದೆ. ಹೊಸ ಫೈಲಿನಲ್ಲಿ ಬರೆದು ನೋಡಿ. ಜಿಂಪಿನಲ್ಲಿ ಈ ತಾಪತ್ರಯವಿಲ್ಲ. ನೋಟೊ ಸಾನ್ಸ್ ಕನ್ನಡ, ಬಾಲೂ ತಮ್ಮ ಎಂಬ ಎರಡೂ ಫಾಂಟ್ ಸಣ್ಣ ಗಾತ್ರದಲ್ಲಿ ಸ್ಪಷ್ಟ. ಹೆಸರನ್ನು ಮೂಲೆಗೆ ತಳ್ಳದೆ ನಾಯಿಯ ಎದೆಯ ಕೆಳಗೋ ಬೆನ್ನ ಮೇಲೋ, ಹರಿವಿನ ಜೊತೆಗೇ ಇಡಿ.

ಗಾತ್ರ 22 ಪಿಕ್ಸೆಲಿಗಿಂತ ಕೆಳಗಿಳಿಸಬೇಡಿ. “ಮುಧೋಳ” ಎಂದು ಬರೆದು ನೋಡಿದರೆ ಕಾರಣ ಕಾಣುತ್ತದೆ: ಧಕಾರವನ್ನು ದಕಾರದಿಂದ ಬೇರೆ ಮಾಡುವುದು ಅದರ ಕೆಳಗಿನ ಆ ಪುಟ್ಟ ಗೀಟು. 14 ಪಿಕ್ಸೆಲಿನಲ್ಲಿ ಅದು ಒಂದೇ ಚುಕ್ಕಿ, ಅದರ ಮೇಲೆ ಸ್ಮಡ್ಜ್ ಹಾಯ್ದರೆ ಊರಿನ ಹೆಸರೇ ಬದಲಾಗುತ್ತದೆ. ಅಕ್ಷರಕ್ಕೂ ಹರಿವು ಬೇಕೆನಿಸಿದರೆ ಹೆಸರಿನ ಲೇಯರನ್ನು ನಕಲು ಮಾಡಿ, ರಾಸ್ಟರೈಸ್ ಮಾಡಿ (ಅಕ್ಷರವನ್ನು ಚಿತ್ರವಾಗಿಸಿ), ಕೆಳಗಿಟ್ಟು, ಆ ನಕಲಿನ ಮೊದಲ ಅಕ್ಷರದ ಎಡ ಅಂಚಿನಿಂದ ಮಾತ್ರ 10 ಪಿಕ್ಸೆಲ್ ಬ್ರಶ್ಶಿನಲ್ಲಿ ಹಿಂದಕ್ಕೆ ಎಳೆಯಿರಿ. ಮೇಲಿನ ಅಸಲು ಅಕ್ಷರ ಸ್ವಚ್ಛವಾಗಿ ಉಳಿಯುತ್ತದೆ.

ಉಳಿಸುವಾಗ

ಜೆಪೆಗ್ ಆದರೆ ಗುಣಮಟ್ಟ 85–90. ಅದಕ್ಕಿಂತ ಕಡಿಮೆಯಾದರೆ ಎಳೆಗಳ ಸುತ್ತ ಚೌಕಚೌಕ ಕಲೆ ಬೀಳುತ್ತದೆ. ಪಿಎನ್‌ಜಿ-24 ಇನ್ನೂ ಒಳ್ಳೆಯದು. 256 ಬಣ್ಣದ ಪಿಎನ್‌ಜಿ-8 ಬೇಡ, ನುಣುಪು ಹಿನ್ನೆಲೆ ಮೆಟ್ಟಿಲುಮೆಟ್ಟಿಲಾಗುತ್ತದೆ. ಆಗಲೂ ಪಟ್ಟೆ ಕಂಡರೆ ಹಿನ್ನೆಲೆಗೆ 1–2% ನಾಯ್ಸ್ (ಸಣ್ಣ ಕಣಗಳ ಒರಟು) ಸೇರಿಸಿ. ವಾಟ್ಸಾಪಿನಲ್ಲಿ ಫೋಟೊ ಆಗಿ ಕಳಿಸಿದರೆ ಮತ್ತೆ ಕುಗ್ಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿ.

ತಂಡದ ಬ್ಯಾನರ್ ಚೆಂದ ಬಂದರೆ ಇದನ್ನೇ ಫ್ಲೆಕ್ಸ್ ಅಂಗಡಿಗೆ ಕೊಡುವ ಆಸೆ ಬರುತ್ತದೆ. 500×200 ಪಿಕ್ಸೆಲ್ 300 ಡಿಪಿಐನಲ್ಲಿ 4.2×1.7 ಸೆಂಟಿಮೀಟರ್ ಮಾತ್ರ; ಹಿಗ್ಗಿಸಿದರೆ ಎಳೆಗಳೆಲ್ಲ ಹತ್ತಿಯಾಗುತ್ತವೆ. ಲೇಯರುಗಳಿರುವ ಫೈಲನ್ನು, ಫೋಟೊಶಾಪಿನ ಪಿಎಸ್‌ಡಿಯನ್ನೋ ಜಿಂಪಿನ ಎಕ್ಸ್‌ಸಿಎಫನ್ನೋ, ಜೋಪಾನವಾಗಿಟ್ಟುಕೊಂಡು ಅದನ್ನೇ ನಕ್ಷೆಯಾಗಿ ಪಕ್ಕದಲ್ಲಿ ತೆರೆದಿಟ್ಟು, ಮೂಲ ಫೋಟೊದಿಂದ 3000×1200ರಲ್ಲಿ ಹೊಸದಾಗಿ ಎಳೆಯಿರಿ. ಬ್ರಶ್ಶಿನ ಗಾತ್ರಗಳನ್ನು ಆರರಿಂದ ಗುಣಿಸಿ: 30 ಇದ್ದದ್ದು 180. ಸ್ಪೇಸಿಂಗ್ ಶೇಕಡಾದಲ್ಲಿ ಇರುವುದರಿಂದ ಅದನ್ನೂ ಸ್ಟ್ರೆಂತನ್ನೂ ಹಾಗೇ ಬಿಡಿ. ಆದರೆ ಬ್ರಶ್ಶನ್ನು 360×360 ಫೈಲಿನಲ್ಲಿ ಹೊಸದಾಗಿ ಚುಕ್ಕಿಯಿಟ್ಟು ಮಾಡಿಕೊಳ್ಳಬೇಕು. ಸಣ್ಣದನ್ನು ಹಿಗ್ಗಿಸಿದರೆ ಚುಕ್ಕಿಗಳ ಅಂಚು ಮಸುಕಾಗಿ ಎಳೆ ಮತ್ತೆ ಮಂಜಾಗುತ್ತದೆ.